ಲೆಕ್ಕ ಹೇಳಿಕೊಡದೆ ಟೆಸ್ಟ್ ಮಾತ್ರ ಯಾಕೆ ಇಡ್ತೀರಾ?

ಮೊನ್ನೆ ನಮ್ಮ ನರ್ಸಿಂಗ್ ಕಾಲೇಜಿನ ಇಂಟರ್ನಲ್ ಟೆಸ್ಟಿನ ಪೇಪರ್ ಕೈಗೆ ಬಂತು. ಡ್ರಿಪ್ ಲೆಕ್ಕಕ್ಕೆ ಸೊನ್ನೆ. ಪ್ರಶ್ನೆ ಇಷ್ಟೇ: 500 ಎಂಎಲ್ ಫ್ಲೂಯಿಡ್ 4 ಗಂಟೆಯಲ್ಲಿ ಹೋಗಬೇಕು, ನಿಮಿಷಕ್ಕೆ ಎಷ್ಟು ಹನಿ? ಒಂದು ಎಂಎಲ್‌ಗೆ ಎಷ್ಟು ಹನಿ ಅನ್ನೋದನ್ನೇ ಪ್ರಶ್ನೆಯಲ್ಲಿ ಕೊಟ್ಟಿಲ್ಲ. ನಾನು 20 ಅಂತ ಹಿಡಿದೆ. ವಾರ್ಡಿನಲ್ಲಿ ದಿನಾ ಹಾಕುವ ಐವಿ ಸೆಟ್ಟಿನ (ಡ್ರಿಪ್ ಪೈಪಿನ) ಕವರ್ ಮೇಲೆ ಹಾಗೇ ಅಚ್ಚಾಗಿದೆ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ಹತ್ತಿರ ಹತ್ತಿರ 42. ನಾನು 20 ಹಿಡಿದಿದ್ದೇನೆ ಅಂತ ಪಕ್ಕದಲ್ಲೇ ಬರೆದೂ ಇದ್ದೆ. ಮೇಡಂ ಅದರ ಮೇಲೆ ಕೆಂಪು ಗೀಟು ಎಳೆದು 31 ಅಂತ ಬರೆದಿದ್ದಾರೆ. ನೋಟ್ಸಿನಲ್ಲಿ 15 ಹಿಡಿದಿದೆಯಂತೆ. ಕೇಳಿದರೆ, "ನೋಟ್ಸಲ್ಲಿ ಇರೋದು ಬರಿಯಮ್ಮ, ಜಾಸ್ತಿ ಮಾತಾಡಬೇಡ."

ಮಾರ್ಕ್ಸ್ ಹೋಗಿದ್ದಕ್ಕೂ ಸಿಟ್ಟಿದೆ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ನಮ್ಮ ಕಾಲೇಜಿನಲ್ಲಿ ಈ ಲೆಕ್ಕಗಳನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ. ನಾವು ಓದೋ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾದಲ್ಲಿ ಗಣಿತ ಅಂತ ಬೇರೆ ಪೇಪರ್ ಇಲ್ಲ. ಪಿಯುಸಿಯಲ್ಲಿ ಆರ್ಟ್ಸ್ ಓದಿದವರೂ ಸೇರಬಹುದು ಅಂತ ನಿಯಮವೇ ಇದೆ. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಗಣಿತದ ಪುಸ್ತಕ ಮುಟ್ಟಿಲ್ಲ. ಬೋರ್ಡಿನ ಮೇಲೆ ಸೂತ್ರ ಬರೆಯುತ್ತಾರೆ, ಒಂದು ಉದಾಹರಣೆ ಬಿಡಿಸುತ್ತಾರೆ, ಮುಂದಿನ ಪಾಠ. ಅರ್ಥ ಆಗಲಿಲ್ಲ ಅಂದರೆ "ಏಳನೇ ಕ್ಲಾಸಿನ ಲೆಕ್ಕ ಬರಲ್ವಾ?" ಅಂತ ಎಲ್ಲರ ಮುಂದೆ ಮಾನ ಕಳೆಯುತ್ತಾರೆ. ಆಮೇಲೆ ಯಾರು ಬಾಯಿ ಬಿಡ್ತಾರೆ ಹೇಳಿ? ಎಲ್ಲರೂ ಸುಮ್ನೆ ಬೈಹಾರ್ಟ್ ಮಾಡ್ತಾರೆ. ಪ್ರಶ್ನೆಯಲ್ಲಿ 500 ಇದ್ದಲ್ಲಿ 1000 ಬಂದರೆ ಮುಗೀತು.

ಇದು ಬೈಹಾರ್ಟ್ ಮಾಡೋ ವಿಷಯನಾ? ಲೇಬರ್ ವಾರ್ಡಿಗೆ ಒಂದು ರಾತ್ರಿ ಬಂದು ನಿಂತು ನೋಡಿ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್‌ಸಲ್ಫ್, ಅಂದರೆ ಫಿಟ್ಸ್ ತಡೆಯೋ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್, ಕೊಡಬೇಕು. ಅದರ ಆಂಪ್ಯೂಲ್ (ಔಷಧಿಯ ಪುಟ್ಟ ಬಾಟಲಿ) ಮೇಲೆ 50 ಪರ್ಸೆಂಟ್, ಅಂದರೆ 100 ಎಂಎಲ್‌ಗೆ 50 ಗ್ರಾಂ, ಅಂತ ಇರುತ್ತದೆ. ಹಾಗಾದರೆ 2 ಎಂಎಲ್‌ನ ಒಂದು ಆಂಪ್ಯೂಲ್‌ನಲ್ಲಿ 1 ಗ್ರಾಂ. ನರಕ್ಕೆ ಕೊಡುವ 4 ಗ್ರಾಂ ಮಾತ್ರ 20 ಪರ್ಸೆಂಟ್ ಆಗಿರಬೇಕು. ಹಾಗಾಗಿ 4 ಆಂಪ್ಯೂಲ್‌ನ 8 ಎಂಎಲ್‌ಗೆ 12 ಎಂಎಲ್ ಸಲೈನ್ ಸೇರಿಸಿ 20 ಎಂಎಲ್ ಮಾಡಿ, ನಿಧಾನಕ್ಕೆ ಕೊಡಬೇಕು. ಜೊತೆಗೆ ಸೊಂಟದ ಎರಡೂ ಕಡೆ ತಲಾ 5 ಗ್ರಾಂ, ಅದು 50 ಪರ್ಸೆಂಟೇ. ಒಂದೊಂದು ಕಡೆಗೆ 10 ಎಂಎಲ್. ಒಟ್ಟು 14 ಆಂಪ್ಯೂಲ್. ಜಾಸ್ತಿ ಆದರೆ ಮೊದಲು ಮಂಡಿಯ ರಿಫ್ಲೆಕ್ಸ್ ಹೋಗುತ್ತದೆ, ಆಮೇಲೆ ಉಸಿರೇ ನಿಲ್ಲಬಹುದು. ಕಮ್ಮಿ ಆದರೆ ಮತ್ತೆ ಫಿಟ್ಸ್.

ಇದನ್ನು ನನಗೆ ಅರ್ಥ ಮಾಡಿಸಿದ್ದು ನೈಟ್ ಡ್ಯೂಟಿಯ ಒಬ್ಬ ಹಿರಿಯ ಸಿಸ್ಟರ್. ಕೆಲಸ ಸ್ವಲ್ಪ ತಣ್ಣಗಾದ ಮೇಲೆ ಟ್ರೇಯಲ್ಲಿ ಖಾಲಿ ಆಂಪ್ಯೂಲ್‌ಗಳನ್ನು 4, 5, 5 ಅಂತ ಬೇರೆ ಬೇರೆ ಸಾಲಿಟ್ಟು, ಗ್ಲೌಸ್ ಕವರಿನ ಹಿಂದೆ ಪೆನ್ನಲ್ಲಿ ಬರೆದು, "ಈಗ ನೀನೇ ಹೇಳು, 20 ಪರ್ಸೆಂಟ್ ಅಂದ್ರೆ 100 ಎಂಎಲ್‌ಗೆ ಎಷ್ಟು ಗ್ರಾಂ?" ಅಂತ ಕೇಳಿದರು. ಹತ್ತು ನಿಮಿಷ ಹಿಡಿಯಿತು, ಅಷ್ಟೇ. ಅಷ್ಟೂ ಕಾಲೇಜಿಗೆ ಆಗಲ್ವಾ?

"ಈ ಕಡೆ ಹೆಣ್ಮಕ್ಕಳಿಗೆ ಲೆಕ್ಕ ತಲೆಗೆ ಹೋಗಲ್ಲ" ಅನ್ನೋ ಮಾತು ಇನ್ನೂ ಕೋಪ ತರಿಸುತ್ತದೆ. ನಮ್ಮ ಮನೆಯಲ್ಲಿ ಡೈರಿಗೆ ಹಾಲು ಹಾಕೋದು ಅಮ್ಮ. ಎಷ್ಟು ಲೀಟರ್, ಫ್ಯಾಟ್ ಎಷ್ಟು ಬಂತು, ಬಟವಾಡೆ ಎಷ್ಟು ಬರಬೇಕು, ಎಲ್ಲಾ ಬಾಯಲ್ಲೇ ಹೇಳುತ್ತಾರೆ. ಒಂದು ರೂಪಾಯಿ ಕಮ್ಮಿ ಬಂದರೂ ಸೆಕ್ರೆಟರಿ ಮುಂದೆ ಹೋಗಿ ನಿಲ್ಲುತ್ತಾರೆ. ಅಂಥವರ ಮಕ್ಕಳು ನಾವು. ಮಂಡ್ಯದ ಹಳ್ಳಿ ಶಾಲೆಯಲ್ಲಿ ಶೇಕಡಾ, ಅನುಪಾತ ಅಂತ ಕನ್ನಡದಲ್ಲಿ ಕಲಿತಿದ್ದೇವೆ. ಇಲ್ಲಿ ಎಲ್ಲಾ ಒಂದೇ ಸಲ ಇಂಗ್ಲಿಷ್. ಎರಡನ್ನೂ ಜೋಡಿಸಿ ಒಂದು ಕ್ಲಾಸ್ ತಗೊಂಡಿದ್ದರೆ ಸಾಕಿತ್ತು.

ಮೂರನೇ ವರ್ಷದಲ್ಲಿ ಸ್ಟ್ಯಾಟಿಸ್ಟಿಕ್ಸ್ ಬೇರೆ ಇದೆ. ಮೀನ್, ಮೀಡಿಯನ್, ಮೋಡ್. ಇರಲಿ, ಬೇಡ ಅನ್ನಲ್ಲ. ಆದರೆ ಅದಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗ ಇದೆ, ಸಿರಿಂಜಿನಲ್ಲಿ ಎಷ್ಟು ಎಳೀಬೇಕು ಅನ್ನೋದಕ್ಕೆ ಇಲ್ಲ.

ನಾಳೆ ಪಾಸಾಗಿ ನಾಗಮಂಗಲದ ಕಡೆಯೋ ಕೆ.ಆರ್.ಪೇಟೆ ಕಡೆಯೋ ಒಂದು ಪಿಎಚ್‌ಸಿಗೆ ಹೋಗುವವರು ನಾವೇ. ಅಂಥ ಕಡೆ ಮ್ಯಾಗ್‌ಸಲ್ಫ್‌ನ ಮೊದಲ ಡೋಸ್ ಸೊಂಟಕ್ಕೆ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸೋ ಜವಾಬ್ದಾರಿಯನ್ನು ಸರ್ಕಾರದ ಮಾರ್ಗಸೂಚಿಯೇ ನರ್ಸ್‌ಗಳಿಗೆ ಕೊಟ್ಟಿದೆ. ಆಗ ನೋಟ್ಸಲ್ಲಿ ಹೀಗಿತ್ತು ಅಂದರೆ ಆ ಹೆಂಗಸಿನ ಮನೆಯವರು ಒಪ್ತಾರಾ?

ಟೆಸ್ಟ್ ಬೇಡ ಅಂತ ನಾನು ಹೇಳ್ತಿಲ್ಲ. ಇನ್ನೂ ಕಷ್ಟದ ಟೆಸ್ಟ್ ಇಡಿ. ಎಲ್ಲಾ ಲೆಕ್ಕ ಸರಿ ಬರೋ ತನಕ ಲೇಬರ್ ರೂಮಿನಲ್ಲಿ ಸಿರಿಂಜ್ ಮುಟ್ಟಬೇಡಿ ಅನ್ನಿ, ಒಪ್ಪುತ್ತೇನೆ. ಆದರೆ ಮೊದಲು ಕಲಿಸಿ. ಐವಿ ಸೆಟ್ಟು, ಆಂಪ್ಯೂಲು ಕ್ಲಾಸಿಗೆ ತಂದು ಕೈಗೆ ಕೊಟ್ಟು ಕಲಿಸಿ. ಮುಂದಿನ ವಾರ ಮತ್ತೆ ಟೆಸ್ಟ್ ಇದೆ. ಈ ಸಲವೂ ಒಂದು ಎಂಎಲ್‌ಗೆ ಎಷ್ಟು ಹನಿ ಅಂತ ಕೊಡದಿದ್ದರೆ, ಆ ಐವಿ ಸೆಟ್ಟಿನ ಕವರನ್ನೇ ಉತ್ತರ ಪತ್ರಿಕೆಗೆ ಪಿನ್ ಮಾಡಿ ಕೊಡುತ್ತೇನೆ.