ಕಿನ್ಸರ್ 20, ಶಾಟ್ಸ್ 10: ಆದರೂ ನನ್ನ ಓಟು ಶಾಟ್ಸ್‌ಗೆ

ಸ್ಪ್ರಿಂಟ್ ಕಾರ್ ರೇಸ್ ನೋಡೋರು ನಾಲ್ಕು ಜನ ಒಂದು ಕಡೆ ಸೇರಿದ್ರೆ ಈ ಜಗಳ ಬಂದೇ ಬರುತ್ತೆ. ಎಲ್ಲ ಕಾಲದವರನ್ನೂ ಒಟ್ಟಿಗೆ ನಿಲ್ಲಿಸಿದ್ರೆ ದೊಡ್ಡವನು ಯಾರು? "ಸ್ಟೀವ್ ಕಿನ್ಸರ್ 20 ಸಲ ವರ್ಲ್ಡ್ ಆಫ್ ಔಟ್‌ಲಾಸ್ ಚಾಂಪಿಯನ್, ಡಾನಿ ಶಾಟ್ಸ್ 10 ಸಲ. ಇದರಲ್ಲಿ ವಾದ ಮಾಡೋಕೆ ಏನಿದೆ?" ಅಂತ ಒಂದೇ ಏಟಿಗೆ ಮಾತು ಮುಗಿಸಿಬಿಡ್ತಾರೆ. (ಔಟ್‌ಲಾಸ್ ಅಂದ್ರೆ ಈ ಕಾರುಗಳು ವರ್ಷವಿಡೀ ಊರೂರು ಸುತ್ತಿ ಓಡೋ ಅಮೆರಿಕದ ರೇಸ್ ಸರಣಿ.) ನಾನು ಒಪ್ಪಲ್ಲ. ಯಾಕೆ ಅಂತ ಇವತ್ತು ಪೂರ್ತಿ ಬರೆದುಬಿಡ್ತೀನಿ.

ಈ ಆಟ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ, ಹಾಗಾಗಿ ಮೊದಲು ಸ್ವಲ್ಪ ವಿವರ. ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಓಡೋ ಪುಟ್ಟ ಕಾರು ಇದು. ತೂಕ ಸುಮಾರು 640 ಕೆಜಿ, ಎಂಜಿನ್ ಹೆಚ್ಚುಕಮ್ಮಿ 900 ಅಶ್ವಶಕ್ತಿ, ಇಂಧನ ಮೆಥನಾಲ್. ನೆತ್ತಿ ಮೇಲೆ 25 ಚದರ ಅಡಿಯ ದೊಡ್ಡ ರೆಕ್ಕೆ. ಸ್ಟಾರ್ಟರ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಹಿಂದಿನಿಂದ ಒಂದು ಟ್ರಕ್ ತಳ್ಳಿದ್ರೇನೇ ಎಂಜಿನ್ ಶುರುವಾಗೋದು. ಹಿಂದಿನ ಬಲಗಡೆ ಟೈರು ಎಡಗಡೆಯದ್ದಕ್ಕಿಂತ ದೊಡ್ಡದು, ಯಾಕಂದ್ರೆ ತಿರುಗೋದು ಯಾವಾಗಲೂ ಎಡಕ್ಕೇ. ಸಂಜೆ ಹಸಿಯಾಗಿ ಅಂಟಂಟಾಗಿರೋ ಮಣ್ಣು, ರಾತ್ರಿ ಫೈನಲ್ ಹೊತ್ತಿಗೆ ನುಣ್ಣಗೆ ಕಪ್ಪಾಗಿ ಹಿಡಿತ ಕಳ್ಕೊಂಡಿರುತ್ತೆ. ಟೆಸ್ಟ್ ಪಂದ್ಯದ ಮೊದಲ ದಿನದ ಪಿಚ್ಚೂ ಐದನೇ ದಿನದ ಪಿಚ್ಚೂ ಒಂದೇ ರಾತ್ರಿಯಲ್ಲಿ ಬಂದುಹೋದ ಹಾಗೆ. ಸಂಜೆ ಹೀಟ್ ರೇಸ್ (ಫೈನಲ್‌ಗೂ ಮೊದಲಿನ ಚಿಕ್ಕ ರೇಸ್) ಗೆದ್ದವನು ಫೈನಲ್‌ನಲ್ಲಿ ಕಣ್ಣಿಗೇ ಬೀಳದೆ ಹೋಗೋದು ಇದರಿಂದಾನೇ.

ಈಗ ಕಿನ್ಸರ್. ಇಂಡಿಯಾನಾದ ಬ್ಲೂಮಿಂಗ್‌ಟನ್‌ನವರು. ಟೆಡ್ ಜಾನ್ಸನ್ 1978ರಲ್ಲಿ ಔಟ್‌ಲಾಸ್ ಸರಣಿ ಶುರು ಮಾಡಿದ ವರ್ಷವೇ ಚಾಂಪಿಯನ್. 1983ರಿಂದ 1988ರವರೆಗೆ ಸತತ ಆರು ಸಲ. 1987ರಲ್ಲಂತೂ ಒಂದೇ ಸೀಸನ್‌ನಲ್ಲಿ 46 ಫೈನಲ್ ಗೆದ್ದರು. ಸರಣಿಯಲ್ಲಿ ಒಟ್ಟು 577 ಗೆಲುವು. ಕಾರ್ಲ್ ಕಿನ್ಸರ್ ಅನ್ನೋ ಮೆಕ್ಯಾನಿಕ್ ಕಟ್ಟಿದ 11ನೇ ನಂಬರಿನ ಕಾರು ಟ್ರ್ಯಾಕಿಗೆ ಬಂತು ಅಂದ್ರೆ ಉಳಿದವರು ಎರಡನೇ ಜಾಗಕ್ಕೆ ಲೆಕ್ಕ ಹಾಕ್ತಿದ್ದ ಕಾಲ ಅದು. 1995ರಲ್ಲಿ ಅಮೆರಿಕದ ಇನ್ನೊಂದು ದೊಡ್ಡ ಕಾರ್ ರೇಸ್ ಸರಣಿ ನಾಸ್ಕಾರ್‌ಗೆ ಹೋದರು, ಐದೇ ರೇಸ್‌ಗೆ ಅದು ಮುಗೀತು, ವಾಪಸ್ ಬಂದರು. ಬಂದ ಅದೇ ವರ್ಷ ಆಗಸ್ಟ್‌ನಲ್ಲಿ, ಸ್ಪ್ರಿಂಟ್ ಕಾರಿನವರೆಲ್ಲ ಸೇರೋ ನಾಕ್ಸ್‌ವಿಲ್ ನ್ಯಾಷನಲ್ಸ್ ರೇಸ್ ಗೆದ್ದರು! ಈ ಮನುಷ್ಯನನ್ನು ಚಿಕ್ಕವನು ಮಾಡೋ ಉದ್ದೇಶ ನನಗಿಲ್ಲ, ಅದು ಯಾರಿಂದಲೂ ಆಗೋ ಕೆಲಸವೂ ಅಲ್ಲ.

ನನ್ನ ತಕರಾರು ಇರೋದು ಅಳತೆಗೋಲಿನ ಬಗ್ಗೆ. ಚಾಂಪಿಯನ್‌ಶಿಪ್ ಅನ್ನೋದು ವರ್ಷವಿಡೀ ಊರೂರು ಸುತ್ತಿದವರ ನಡುವಿನ ಪಾಯಿಂಟ್ ಲೆಕ್ಕ. ಯಾರು ಸುತ್ತಲಿಲ್ಲವೋ ಅವರು ಆ ಲೆಕ್ಕದಲ್ಲೇ ಇಲ್ಲ. ಸೌತ್ ಡಕೋಟಾದ ಓಟಗಾರ ಡಗ್ ವೂಲ್ಫ್‌ಗ್ಯಾಂಗ್ ಹೆಸರಲ್ಲಿ ಒಂದೂ ಔಟ್‌ಲಾಸ್ ಚಾಂಪಿಯನ್‌ಶಿಪ್ ಇಲ್ಲ. ಆದರೆ ನಾಕ್ಸ್‌ವಿಲ್ ನ್ಯಾಷನಲ್ಸ್ ಐದು ಸಲ ಗೆದ್ದಿದ್ದಾರೆ. ಬರೀ ಪಟ್ಟಿ ನೋಡೋನಿಗೆ ವೂಲ್ಫ್‌ಗ್ಯಾಂಗ್ ಅನ್ನೋ ಒಬ್ಬ ಇದ್ದ ಅಂತಾನೂ ಗೊತ್ತಾಗಲ್ಲ. ಜೊತೆಗೆ ಈ ಕ್ರೀಡೆ ಆಗಾಗ ಒಡೆದು ಎರಡಾಗಿದೆ. 1989ರಲ್ಲಿ ಒಂದು ಗುಂಪು ಬೇರೆ ಸರಣಿ ಕಟ್ಟಿಕೊಂಡು ಹೋಯ್ತು, 2006ರಲ್ಲಿ ಮತ್ತೆ ಹಾಗೇ ಆಯ್ತು. ಶಾಟ್ಸ್ ಮೊದಲ ಸಲ ಚಾಂಪಿಯನ್ ಆದ 2006ರಲ್ಲಿ ಕಿನ್ಸರ್ ಆ ಇನ್ನೊಂದು ಸರಣಿಯಲ್ಲಿದ್ದರು. ನಾನು ಶಾಟ್ಸ್ ಪರ, ಆದರೂ ಇದನ್ನು ಮುಚ್ಚಿಡೋದು ಸರಿಯಲ್ಲ.

ಹಾಗಾದ್ರೆ ಎಲ್ಲರೂ ಬರೋ ಜಾಗ ಯಾವುದು? ಐಯೊವಾದ ನಾಕ್ಸ್‌ವಿಲ್. 1961ರಿಂದ ನಡೀತಿರೋ ನ್ಯಾಷನಲ್ಸ್, ಪ್ರತಿ ಆಗಸ್ಟ್. ಯಾವ ಸರಣಿಯವನೇ ಆಗಲಿ, ಪೆನ್ಸಿಲ್ವೇನಿಯಾದ ಲೋಕಲ್ ಹುಲಿಗಳಾಗಲಿ, ಆಸ್ಟ್ರೇಲಿಯಾದಿಂದ ಬರೋರಾಗಲಿ, ಆ ವಾರ ಎಲ್ಲರ ಟ್ರಕ್ಕೂ ಅಲ್ಲೇ ನಿಲ್ಲೋದು. ನಾನಿರೋ ಡೆಮಾಯ್ನ್‌ನಿಂದ ಅಲ್ಲಿಗೆ ಮುಕ್ಕಾಲು ಗಂಟೆ ದಾರಿ. ನಾಲ್ಕನೇ ತಿರುವಿನ ಹತ್ತಿರ ಕೂತರೆ ಕಾರುಗಳು ಹಾದುಹೋದ ಕೂಡಲೇ ಮಣ್ಣಿನ ಉಂಡೆಗಳು ತೊಡೆ ಮೇಲೆ ಬಂದು ಬೀಳ್ತವೆ. ಕೈಯಲ್ಲಿರೋ ಪಾಪ್‌ಕಾರ್ನ್ ಪೊಟ್ಟಣದ ಬಾಯಿ ಮುಚ್ಚಿ ಹಿಡ್ಕೋಬೇಕು. ಅಕ್ಕಪಕ್ಕ ಕೂತ ವಯಸ್ಸಾದವರು ಪ್ರತಿ ಹೀಟ್ ಮುಗಿದ ಕೂಡಲೇ ಪ್ರೋಗ್ರಾಂ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಸ್ಥಾನ ಬರ್ಕೋತಾರೆ. ಅವರನ್ನು ಮಾತಿಗೆ ಎಳೆದರೆ ಸಾಕು, ಎಪ್ಪತ್ತರ ದಶಕದ ಓಟಗಾರ ಜ್ಯಾನ್ ಓಪರ್‌ಮ್ಯಾನ್‌ನಿಂದ ಶುರು ಮಾಡ್ತಾರೆ.

ಈ ಜಾಗದ ಲೆಕ್ಕ ತೆಗೀರಿ. ಕಿನ್ಸರ್ ಗೆಲುವು 12, ಮೊದಲನೆಯದು 1980, ಕೊನೆಯದು 2005. ಶಾಟ್ಸ್ 11. ಇಪ್ಪತ್ತು-ಹತ್ತರ ಅಂತರ ಇಲ್ಲಿ ಬರೀ ಒಂದಕ್ಕೆ ಇಳೀತು. ಇನ್ನೂ ಮುಖ್ಯವಾದ್ದು, ಶಾಟ್ಸ್ ಅವನ್ನು ಹೇಗೆ ಗೆದ್ದ ಅನ್ನೋದು. 2006ರಿಂದ 2009ರವರೆಗೆ ನಾಲ್ಕು, 2010ರಲ್ಲಿ ಟಿಮ್ ಶಾಫರ್ ಗೆದ್ದ, ಮತ್ತೆ 2011ರಿಂದ 2015ರವರೆಗೆ ಐದು. ಹತ್ತು ವರ್ಷದಲ್ಲಿ ಒಂಬತ್ತು! ಯಾರೂ ತಪ್ಪಿಸ್ಕೊಳ್ಳದ ಜಾಗದಲ್ಲಿ, ನೂರರ ಆಸುಪಾಸು ಕಾರುಗಳು ಬಂದು ಅದರಲ್ಲಿ ಇಪ್ಪತ್ನಾಲ್ಕಕ್ಕೋ ಇಪ್ಪತ್ತೈದಕ್ಕೋ ಮಾತ್ರ ಫೈನಲ್‌ನಲ್ಲಿ ಜಾಗ ಸಿಗೋ ಕಡೆ, ಹತ್ತರಲ್ಲಿ ಒಂಬತ್ತು. ಕಿನ್ಸರ್‌ಗೂ 1991ರಿಂದ 1995ರವರೆಗೆ ಸತತ ಐದು ಇದೆ, ಅದು ದೊಡ್ಡ ಸಾಧನೆಯೇ. ಆದರೆ ಹತ್ತು ವರ್ಷ ಪೂರ್ತಿ ಒಂದು ಜಾಗವನ್ನು ಹೀಗೆ ಹಿಡಿದಿಟ್ಟಿದ್ದು ಶಾಟ್ಸ್ ಒಬ್ಬನೇ.

2013ರದ್ದು ನನಗೆ ಬಹಳ ಇಷ್ಟ. ಶಾಟ್ಸ್ ಆ ಸಲ ನೇರವಾಗಿ ಫೈನಲ್‌ಗೆ ಬರಲಿಲ್ಲ, ಬಿ-ಮೇನ್ (ನೇರವಾಗಿ ಫೈನಲ್‌ಗೆ ಜಾಗ ಸಿಗದವರ ರೇಸ್) ಗೆದ್ದು ಬಂದ. ಅಂದ್ರೆ 21ನೇ ಸ್ಥಾನದಿಂದ ಶುರು. ಮುಂದೆ ಇಪ್ಪತ್ತು ಕಾರು, ಅರ್ಧ ಮೈಲಿ ಟ್ರ್ಯಾಕ್, 50 ಸುತ್ತು. ಮುಂದಿನವರು ಎರಚೋ ಮಣ್ಣು ಹೆಲ್ಮೆಟ್ ಗಾಜಿಗೆ ಹೊಡೀತಾನೇ ಇರುತ್ತೆ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಿಂದ ಗಾಜಿನ ಮೇಲೆ ಹಾಕಿರೋ ತೆಳು ಹಾಳೆಗಳನ್ನು ಒಂದೊಂದೇ ಕಿತ್ತು ಎಸೀತಾ ಹೋಗಬೇಕು. ಒಬ್ಬೊಬ್ಬರನ್ನೇ ದಾಟಿ ಕೊನೆಗೆ ಗೆದ್ದುಬಿಟ್ಟ. ಸೀಟಲ್ಲಿ ಕೂತವನ ಕೈಗೆ ಎಂಥ ಕಾರು ಕೊಟ್ಟರೂ ಅವನು ಟ್ರ್ಯಾಕ್ ಓದದಿದ್ರೆ ಇದು ಆಗಲ್ಲ.

"ಟೋನಿ ಸ್ಟೀವರ್ಟ್ ದುಡ್ಡು ಸುರಿದ, ಶಾಟ್ಸ್ ಗೆದ್ದ" ಅನ್ನೋ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತೆ. ನಾಸ್ಕಾರ್ ಚಾಂಪಿಯನ್ ಸ್ಟೀವರ್ಟ್‌ನ ತಂಡಕ್ಕೆ ಶಾಟ್ಸ್ ಸೇರಿದ್ದು 2008ರಲ್ಲಿ. ಅದಕ್ಕೂ ಮೊದಲೇ 2006 ಮತ್ತು 2007ರಲ್ಲಿ ಚಾಂಪಿಯನ್‌ಶಿಪ್ಪೂ ನಾಕ್ಸ್‌ವಿಲ್ಲೂ ಎರಡೂ ಗೆದ್ದಾಗಿತ್ತು, ನಾರ್ತ್ ಡಕೋಟಾದ ತನ್ನ ಮನೆಯವರದ್ದೇ ತಂಡದ ಕಾರಿನಲ್ಲಿ.

ಕಿನ್ಸರ್ ಪರವಾಗಿ ಒಂದು ವಾದ ಮಾತ್ರ ನನ್ನನ್ನು ಯೋಚನೆಗೆ ಹಚ್ಚುತ್ತೆ: ಬದುಕಿ ಉಳಿಯೋ ವಾದ. ಆ ಕಾಲದಲ್ಲಿ ಈ ಕಾರುಗಳಲ್ಲಿ ವರ್ಷಗಟ್ಟಲೆ ಕೂರೋದೇ ಒಂದು ಸಾಹಸ. ಓಪರ್‌ಮ್ಯಾನ್ 1976ರ ಅಪಘಾತದ ನಂತರ ಮೊದಲಿನ ಹಾಗೆ ಆಗಲೇ ಇಲ್ಲ. 1988ರಲ್ಲಿ ಓಹಾಯೊದ ಎಲ್ಡೋರಾ ಟ್ರ್ಯಾಕ್‌ನಲ್ಲಿ ಓಟಗಾರ ಬ್ರಾಡ್ ಡೋಟಿ ಬೆನ್ನುಹುರಿಗೆ ಪೆಟ್ಟಾಗಿ ನಡೆಯೋ ಶಕ್ತಿ ಕಳ್ಕೊಂಡರು. ವೂಲ್ಫ್‌ಗ್ಯಾಂಗ್ 1992ರಲ್ಲಿ ಕಾನ್ಸಸ್‌ನಲ್ಲಿ ಹೊತ್ತಿ ಉರಿಯೋ ಕಾರಿನೊಳಗೆ ಸಿಕ್ಕಿಹಾಕ್ಕೊಂಡರು. ಕಿನ್ಸರ್ ಇಂಥ ಕಾಲದಲ್ಲೇ ಓಡಿಸಿ, 51ನೇ ವಯಸ್ಸಿನಲ್ಲಿ 20ನೇ ಚಾಂಪಿಯನ್‌ಶಿಪ್ ಗೆದ್ದರು. ಹಾಗಂತ ಈಗ ಅಪಾಯ ಇಲ್ಲ ಅಂತಲ್ಲ. 2016ರಲ್ಲಿ ಶಾಟ್ಸ್‌ನ ಓಟ ನಿಲ್ಲಿಸಿ ನಾಕ್ಸ್‌ವಿಲ್ ಗೆದ್ದ ಜೇಸನ್ ಜಾನ್ಸನ್ ಎರಡೇ ವರ್ಷಕ್ಕೆ ವಿಸ್ಕಾನ್ಸಿನ್‌ನ ರೇಸ್‌ನಲ್ಲಿ ತೀರಿಹೋದ. ಆ ಸುದ್ದಿ ಬಂದ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಹಾಗಾಗಿ ದೀರ್ಘ ಬಾಳಿಕೆ ಅಂತ ಕೇಳಿದ್ರೆ ಕಿನ್ಸರ್, ಅನುಮಾನವೇ ಇಲ್ಲ. ಆದರೆ ಎಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಆಳಿದವನು ಯಾರು ಅಂದ್ರೆ, 2006ರಿಂದ 2015ರ ಶಾಟ್ಸ್. ಕಿನ್ಸರ್ ಕಾಲದ ಇನ್ನೊಬ್ಬ ಓಟಗಾರ ಸ್ಯಾಮಿ ಸ್ವಿಂಡೆಲ್ ಅಭಿಮಾನಿಗಳು ಬೇಜಾರು ಮಾಡ್ಕೋಬೇಡಿ, ಕಿನ್ಸರ್‌ನನ್ನು ನಿದ್ದೆಗೆಡಿಸಿದ್ದು ಅವರೇ, ಮೂರು ಸಲ ಚಾಂಪಿಯನ್ನೂ ಹೌದು, ಆದರೆ ನಾಕ್ಸ್‌ವಿಲ್ ಸಿಕ್ಕಿದ್ದು 1983ರಲ್ಲಿ ಒಂದೇ ಸಲ.

ಪಾಯಿಂಟ್ ಪಟ್ಟಿ ಎಷ್ಟು ಮೋಸ ಮಾಡುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಬ್ರಾಡ್ ಸ್ವೀಟ್ 2019ರಲ್ಲಿ ಶಾಟ್ಸ್‌ನನ್ನು ಬರೀ ನಾಲ್ಕು ಪಾಯಿಂಟ್‌ನಲ್ಲಿ ಸೋಲಿಸಿ ಶುರು ಮಾಡಿ, 2023ರವರೆಗೆ ಸತತ ಐದು ಸಲ ಚಾಂಪಿಯನ್ ಆದ. ಆ ಎಣಿಕೆ ಐದಕ್ಕೆ ನಿಂತಿದ್ದು ಯಾರೋ ಸೋಲಿಸಿದ್ದರಿಂದ ಅಲ್ಲ, ಸೋದರಿಯ ಗಂಡ ಕೈಲ್ ಲಾರ್ಸನ್ ಜೊತೆ ಕಟ್ಟಿದ ಹೈ ಲಿಮಿಟ್ ಸರಣಿಗೆ ಹೋದದ್ದರಿಂದ. 2024ರಲ್ಲಿ ಅಲ್ಲಿ ಸ್ವೀಟ್ ಚಾಂಪಿಯನ್, ಇಲ್ಲಿ ಔಟ್‌ಲಾಸ್‌ನಲ್ಲಿ ಡೇವಿಡ್ ಗ್ರಾವೆಲ್ ಚಾಂಪಿಯನ್. ಆಗಸ್ಟ್‌ನಲ್ಲಿ ಇಬ್ಬರೂ ನಾಕ್ಸ್‌ವಿಲ್‌ಗೆ ಬಂದರು, ಮತ್ತೆ ಅಲ್ಲಿ ಗೆದ್ದದ್ದು ಈ ಎರಡೂ ಪಾಯಿಂಟ್ ಪಟ್ಟಿಗಳಿಗೆ ಪೂರ್ತಿ ಓಡದ ಲಾರ್ಸನ್.