ಕಿರ್ ಅಂದ್ರ ಕೀಲೆಣ್ಣಿ

ತೊಗರಿಗಿ ರೇಟ್ ಛಲೋ ಬಂದ ವರ್ಷ ಮನುಷ್ಯಾಗ ಏನೇನೋ ಬುದ್ಧಿ ಹುಟ್ತಾವ ನೋಡ್ರಿ. ಕೆಲವ್ರು ಪ್ಲಾಟ್ ತಗೋತಾರ, ಕೆಲವ್ರು ಮಗಳ ಮದ್ವಿ ಮಾಡ್ತಾರ, ಕಲಬುರಗಿ ಗಂಜಿನ್ಯಾಗ ಅಡತಿ ಅಂಗಡಿ ಇಟ್ಕೊಂಡು ಕುಂತ ನಾನು ಹೈದರಾಬಾದಿಗಿ ಹೋಗಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ತಗೊಂಡು ಬಂದೆ. ಕೆಂಪು ಬಣ್ಣ, ಎರಡು ಡೋರು, ಎರಡೇ ಸೀಟು, ನೆಲಕ್ಕ ಎಷ್ಟು ಹತ್ತಿದಂಗ ಅದ ಅಂದ್ರ ಒಂದ್ಸಲ ಕುಂತು ಎದ್ರ ಒಂದು ಬಸ್ಕಿ ಹೊಡದಂಗ. ಅಪ್ಪ ಸುತ್ತ ಒಂದು ರೌಂಡ್ ಹಾಕಿ ನೋಡಿ, "ಎರಡ ಸೀಟಿಗಿ ಇಷ್ಟು ರೊಕ್ಕಾ? ಇದರಾಗ ಹದಿನಾಲ್ಕು ಮಂದಿ ಕೂಡೋ ಕ್ರೂಸರ್ ಬರ್ತಿತ್ತಲ್ಲೋ" ಅಂದ.

ಮೊದಲ್ನೇ ವಾರ ಜಗತ್ ಸರ್ಕಲ್‌ನ್ಯಾಗ ಎಲ್ಲಾರೂ ತಿರುಗಿ ನೋಡಲತ್ತಿದ್ರು, ನಾ ಗಾಡಿ ನೋಡಲತ್ತಾರ ಅಂತ ಕಾಲರ್ ಸರಿ ಮಾಡ್ಕೊಂಡೆ, ಆಮ್ಯಾಲ ಗೊತ್ತಾತು ಅವ್ರು ಕಿವಿ ಮುಚ್ಕೊಂಡು ನೋಡಲತ್ತಿದ್ರು ಅಂತ. ಬ್ರೇಕ್ ಒತ್ತಿದ್ರ ಸಾಕು, ಕಿರ್ರ್ರ್ರ್! ಜೋರಾಗಿ ಓಡಿಸಿ ಗಟ್ಟಿ ಒತ್ತಿದ್ರ ಸುಮ್ನಿರ್ತಿತ್ತು, ಮೆಲ್ಲಗ ಹೋಗಿ ಮೆಲ್ಲಗ ಒತ್ತಿದ್ರ ಮಾತ್ರ ಚೀರೋದು. ಇನ್ನ ಸೂಪರ್ ಮಾರ್ಕೆಟ್ ಗಲ್ಲಿಯೊಳಗ ಜೋರಾಗಿ ಓಡಿಸೋದು ಹ್ಯಾಂಗ್ರಿ, ನೀವೇ ಹೇಳ್ರಿ.

ಒಂದೇ ಒಂದು ಉಪಯೋಗ ಇತ್ತು. ನಮ್ಮ ಓಣಿ ನಡುಮಧ್ಯ ಒಂದು ಎಮ್ಮಿ ಮಲಗ್ತದ. ಹಾರ್ನಿಗಿ ಏಳಲ್ಲ, ಬೈದ್ರ ಏಳಲ್ಲ, ನನ್ನ ಬ್ರೇಕ್ ಸಪ್ಪಳಕ್ಕ ಮಾತ್ರ ತಟ್ಟನ ಎದ್ದು ಬಾಜೂಕ ಸರೀತಿತ್ತು.

ಅಪ್ಪ ಒಕ್ಕಲುತನದಾಗ ಬಂಡಿ ಹೂಡಿದ ಮನುಷ್ಯ. ಅವ್ನ ಲೆಕ್ಕ ಸರಳ. ಕಿರ್ ಅಂದ್ರ ಕೀಲೆಣ್ಣಿ ಹಾಕು. ಹಳೇ ಎಣ್ಣಿ ಡಬ್ಬಿ ಹಿಡ್ಕೊಂಡು ದಿನಾ ಮುಂಜಾನಿ ಗಾಡಿ ಬಾಜೂಕ ನಿಂದ್ರಾವ. "ಅಪ್ಪಾ, ಗಾಲಿ ಜೋಡಿ ತಿರುಗೋ ಬ್ರೇಕ್ ಡಿಸ್ಕಿಗಿ ಎಣ್ಣಿ ಬಿತ್ತಂದ್ರ ಬ್ರೇಕೇ ಹಿಡಿಯಲ್ಲ, ಸೀದಾ ನಮ್ಮೂರ ಅಪ್ಪನ ಕೆರಿಯೊಳಗ ಹೋಗ್ತೀನಿ" ಅಂತ ನಾ, "ಹಂಗಾರ ಚೀರಿಸ್ಕೋತ ತಿರುಗು" ಅಂತ ಅವ.

ರಾತ್ರಿ ನಿದ್ದಿ ಬರ್ಲಾರದ ಮೊಬೈಲ್‌ನ್ಯಾಗ ಓದ್ಕೋತ ಕುಂತೆ. ಈ ಡಿಸ್ಕ್ ಬ್ರೇಕಿಗಿ ಲ್ಯಾಂಚೆಸ್ಟರ್ ಅನ್ನೋ ಇಂಗ್ಲಿಷ್ ಇಂಜಿನಿಯರ್ 1902ರಾಗೇ ಪೇಟೆಂಟ್ ತಗೊಂಡಾನಂತ, ಡಿಸ್ಕ್ ಒತ್ತಿ ಹಿಡಿಯೋ ಪ್ಯಾಡ್ ಅವ ತಾಮ್ರದ್ದು ಹಾಕಿದ್ನಂತ, ಅದೂ ಕೇಳಕ್ಕಾಗದಂಗ ಚೀರ್ತಿತ್ತಂತ! ಫ್ರೂಡ್ ಅನ್ನಾವ 1907ರ ಸುಮಾರಿಗಿ ಪ್ಯಾಡಿಗಿ ಆಸ್ಬೆಸ್ಟಾಸ್ ಹಚ್ಚಿದ ಮ್ಯಾಲೇ ಜರಾ ಸುಮ್ನಾತಂತ. ಓದಿ ಭಾಳ ಸಮಾಧಾನ ಆತು. ಇದು ನನ್ನ ಕರ್ಮ ಅಲ್ಲ, ಬ್ರೇಕಿನ ಮನೆತನದ ರೋಗ. ಪ್ಯಾಡ್ ಡಿಸ್ಕ್ ಹಿಡಿತದ, ಜಾರ್ತದ, ಮತ್ತ ಹಿಡಿತದ, ಹಿಂಗ ಸೆಕೆಂಡಿಗಿ ಸಾವಿರ ಸಾವಿರ ಸಲ ನಡುಗಿದಾಗ ಆ ಸಪ್ಪಳ ಹುಟ್ತದ. ಬೋರ್ಡ್ ಮ್ಯಾಲ ಚಾಕ್‌ಪೀಸ್ ಡೊಂಕ ಹಿಡದು ಬರದಾಗ ಮೈ ಜುಮ್ ಅಂತದಲ್ಲ, ಅದೇ. ಇನ್ನೊಂದು ಸಂಗ್ತಿ, ಕೆಲವು ಪ್ಯಾಡಿಗಿ ಒಂದು ಸಣ್ಣ ಸ್ಟೀಲ್ ಪಟ್ಟಿ ಬಡದಿರ್ತಾರ, ಪ್ಯಾಡ್ ಸವದು ಎರಡು ಮೂರು ಎಂಎಂ ಉಳದಾಗ ಅದು ಡಿಸ್ಕಿಗಿ ತಿಕ್ಕಿ ಬೇಕಂತಲೇ ಚೀರ್ತದ. ನಂದು ಇದೇ ಅಂತ ತೀರ್ಮಾನ ಮಾಡಿ ಹೊಸ ಪ್ಯಾಡ್ ತರಿಸಿದೆ. ಮಿಸ್ತ್ರಿಗಿ ಯಾಕ ರೊಕ್ಕ, ನಾನೇ ಹಾಕ್ತೀನಿ ಅಂದೆ. ಇಲ್ಲೇ ಕೆಟ್ಟೆ.

ಭಾನುವಾರ ಅಂಗಳದ ಶಹಾಬಾದ್ ಫರಸಿ ಮ್ಯಾಲ ಜಾಕ್ ಹಚ್ಚಿ, ಗಾಲಿ ಬಿಚ್ಚಿ, ಪ್ಯಾಡ್ ಹಿಡ್ಕೊಂಡಿರೋ ಕ್ಯಾಲಿಪರ್ ಕಳಚಿ ತಂತಿಲೇ ಕಟ್ಟಿ ಇಳಿಬಿಟ್ಟೆ. ಪೈಪ್ ಮ್ಯಾಲ ಭಾರ ಬೀಳಬಾರ್ದು ಅಂತ ಓದಿದ್ದೆ, ಅಷ್ಟು ಶಾಣ್ಯಾ ನಾ. ಹೊಸ ಪ್ಯಾಡ್ ದಪ್ಪ, ಅದು ಕೂಡಬೇಕಂದ್ರ ಪ್ಯಾಡ್ ದಬ್ಬೋ ಪಿಸ್ಟನ್ ಹಿಂದಕ್ಕ ಒತ್ತಬೇಕು, ಒತ್ತಿದೆ, ಒತ್ತಿದೆ, ಮೈಯಾಗಿನ ಶಕ್ತಿ ಎಲ್ಲ ಹಾಕಿ ಒತ್ತಿದೆ, ಪಿಸ್ಟನ್ ಹಿಂದಕ್ಕ ಹೋದಂಗೆಲ್ಲ ಬ್ರೇಕ್ ಆಯಿಲ್ ಮ್ಯಾಲ ಡಬ್ಬಿಗಿ ಏರ್ತದ ಅಂಬೋದು ಮಾತ್ರ ಮರತೇ ಹೋಗಿತ್ತು. ಡಬ್ಬಿ ತುಂಬಿ ಹಾಲು ಉಕ್ಕಿದಂಗ ಉಕ್ಕಿ ಫೆಂಡರ್ ಮ್ಯಾಲ ಹರೀತು. ಗಡಿಬಿಡಿಯಾಗ ಮೈಮ್ಯಾಲಿನ ಬನಿಯನ್ನೇ ಬಿಚ್ಚಿ ಒರಸಿದೆ. ಬನಿಯನ್ ಕೆಂಪಾತು. ನಾ ರಕ್ತ ಅನ್ಕೊಂಡೆ, ನೋಡಿದ್ರ ಪೇಂಟು! ಆ ಡಾಟ್ 4 ಅನ್ನೋ ಬ್ರೇಕ್ ಆಯಿಲ್ ಬಣ್ಣ ತಿಂತದ, ಬಿದ್ದ ಕೂಡ್ಲೇ ನೀರಿಲೇ ತೊಳೀಬೇಕು, ತಿಕ್ಕಬಾರ್ದು. ಫೆಂಡರ್ ಮ್ಯಾಲ ಅಂಗೈ ಅಗಲ ಕಲಿ ಇವತ್ತಿಗೂ ಅದ. ಹೆಂಡ್ತಿ ಬನಿಯನ್ ಎರಡ ಬೆಳ್ಳಿಲೆ ಎತ್ತಿ ಹಿಡದು, "ಹೋಳಿ ಹುಣ್ಣಿವಿ ಮುಂದ ಅದಲ್ರಿ ಇನ್ನ" ಅಂದ್ಳು.

ಸಂಜಿಗಿ ಎಲ್ಲ ಫಿಟ್ ಮಾಡಿ ಚಾಲೂ ಮಾಡಿ ಒಂದು ಮಾರು ಮುಂದ ಹೋಗಿ ಬ್ರೇಕ್ ಒತ್ತಿದ್ರ ಪೆಡಲ್ ಸೀದಾ ನೆಲಕ್ಕ ಹೋಯ್ತು! ಪಿಸ್ಟನ್ ಹಿಂದ ಒತ್ತಿದ ಮ್ಯಾಲ ನಿಂತಲ್ಲೇ ನಾಕೈದು ಸಲ ಪೆಡಲ್ ಪಂಪ್ ಮಾಡಬೇಕಿತ್ತು. ಪುಣ್ಯಕ್ಕ ಮುಂದ ತೊಗರಿ ಚೀಲ ಇದ್ದವು, ಹೋಗಿ ಮೆತ್ತಗ ಆತ್ಕೊಂಡೆ. ಪಂಪ್ ಹೊಡದು ಮತ್ತ ತೆಗದೆ, ಬ್ರೇಕ್ ಹಿಡೀತು, ಹಿಡದು ಮೊದಲಿಗಿಂತ ದುಪ್ಪಟ್ಟು ಚೀರ್ತು.

ಮರುದಿನ ಸುಮ್ನ ರಿಂಗ್ ರೋಡಿನ ಉಸ್ತಾದ್ ಹತ್ರ ಹೋದೆ. ಅವ ಗಾಲಿ ಬಿಚ್ಚಿ ಪ್ಯಾಡ್ ಹಿಂದ ಬೆರಳಾಡಿಸಿ, "ಸಾವ್ಕಾರ್ರೇ, ಶಿಮ್ ಎಲ್ಲಿ?" ಅಂದ.

"ಯಾ ಶಿಮ್ಮು?"

"ಪ್ಯಾಡ್ ಜೋಡಿ ತೆಳ್ಳನ ತಗಡ ಬಂದಿರ್ಬೇಕಲ್ರಿ, ನಾಕು."

ಬಂದಿದ್ವು. ಪ್ಯಾಕಿಂಗ್ ಅಂತ ತಿಳದು ಡಬ್ಬಿ ಸಮೇತ ಒಗದಿದ್ದೆ. ಪ್ಯಾಡಿನ ನಡುಕ ಕ್ಯಾಲಿಪರಿಗಿ ಹೋಗ್ಲಾರ್ದಂಗ ನಡಬರಕ ಕೂಡೋದೇ ಅವು. ಮನಿಗಿ ಫೋನ್ ಹಚ್ಚಿದೆ. ಅವ್ವ ತಗೊಂಡ್ಳು. "ಆ ಕರೀ ತಗಡೇನು? ಜ್ವಾಳದ ಹಿಟ್ಟಿನ ಸ್ಟ್ಯಾಂಡ್ ಅಲ್ಲಾಡಲತ್ತಿತ್ತಪ, ಕಾಲಿಗಿ ಇಟ್ಟೀನಿ, ಈಗ ಗಟ್ಟಿ ನಿಂತದ." ನೋಡ್ರಿ, ನಡುಕ ನಿಲ್ಲಿಸೋ ತಗಡು ಬರಾಬರ್ ಜಾಗಕ್ಕೇ ಹೋಗಿತ್ತು.

ತಂದು ಹಿಟ್ಟು ಝಾಡಿಸಿ ಕೊಟ್ಟೆ. ಉಸ್ತಾದ್ ಪ್ಯಾಡ್ ಅಂಚಿಗಿ ಜರಾ ಕಾನಸ್ ಹೊಡದ, ಡಿಸ್ಕಿಗಿ ಮರಳಕಾಗದ ತಿಕ್ಕಿ ಮಿಂಚು ತೆಗದ, ಕ್ಯಾಲಿಪರ್ ಸರಿದಾಡೋ ಸ್ಲೈಡ್ ಪಿನ್ ಒಣಗಿತ್ತು, ಅದಕ್ಕ ಗ್ರೀಸ್ ಹಚ್ಚಿದ, ಆಮ್ಯಾಲ ಕಿರುಬೆಳ್ಳಿಲೆ ಒಂದು ಚೂರು ಬ್ರೇಕ್ ಗ್ರೀಸ್ ತಗೊಂಡು ಕುಂಕುಮ ಹಚ್ಚಿದಂಗ ಪ್ಯಾಡಿನ ಬೆನ್ನಿಗಿ ಸವರಿದ. ಡಿಸ್ಕ್ ಕಡಿ ಮುಖಕ್ಕ ಒಂದು ಹನಿ ತಾಕಿಸಲಿಲ್ಲ.

ನಾ ಸಂಜಿಗಿ ಈ ಗ್ರೀಸಿನ ಸುದ್ದಿ ಮನ್ಯಾಗ ಹೇಳಬಾರ್ದಿತ್ತು, ಹೇಳಿಬಿಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಕೀಲೆಣ್ಣಿ ಡಬ್ಬಿ ತಂದು ನನ್ನ ಚಹಾ ಕಪ್ಪಿನ ಬಾಜೂಕ ಇಟ್ಟು ಹೋದ.

ಹೊಸ ಪ್ಯಾಡ್ ಡಿಸ್ಕಿಗಿ ಹೊಂದಬೇಕು, ಅರವತ್ತರ ಸ್ಪೀಡಿಂದ ಹದಿನೈದಕ್ಕ ತರ್ರಿ, ನಿಲ್ಲಿಸಬ್ಯಾಡ್ರಿ, ಮತ್ತ ಅರವತ್ತು, ಹಿಂಗ ಎಂಟು ಹತ್ತು ಸಲ ಮಾಡ್ರಿ ಅಂತ ಉಸ್ತಾದ್ ಹೇಳಿದ್ದ. ಮುಂಜಾನಿ ಐದೂವರಿಗಿ ಖಾಲಿ ಸೇಡಂ ರೋಡಿನ್ಯಾಗ ಮಾಡಲತ್ತಿದ್ದೆ, ಆರನೇ ಸಲಕ್ಕ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಾಕಿದ. "ಏನ್ರಿ, ಮುಂಜಾನಿ ಮುಂಜಾನಿನೇ ಕುಡದೀರೇನು?" ಪ್ಯಾಡ್ ಹೊಂದಸ್ಲತ್ತೀನ್ರಿ ಅಂದೆ. ಅವ ಬಾಯಿ ಹತ್ರ ಮೂಗು ತಂದು ಮೂಸಿ ನೋಡಿ, ಚಹಾ ವಾಸನಿ ಅಷ್ಟೇ ಬಂತು, ಹೋಗ್ರಿ ಅಂದ.

ಸಪ್ಪಳ ಪುರಾ ಬಂದ್ ಆತು. ಖುಷಿಲೇ ಓಣಿಗಿ ಬಂದ್ರ ನಡುಮಧ್ಯ ಎಮ್ಮಿ. ಬ್ರೇಕ್ ಹಾಕಿದೆ, ಬೆಣ್ಣಿಯಂಗ ನಿಂತ್ತು ಗಾಡಿ. ಎಮ್ಮಿ ಒಂದು ಕಿವಿ ಅಲ್ಲಾಡಿಸ್ತು, ಅಷ್ಟೇ. ಹಾರ್ನ್ ಹೊಡದೆ, ಒದರಿದೆ, ಕಡೀಕ ಒಂದು ಬಸ್ಕಿ ಹೊಡದು ಕೆಳಗಿಳದು ಅದರ ಬೆನ್ನಿಗಿ ಕೈ ಹಚ್ಚಿ ನೂಕಲತ್ತೆ. ಎಮ್ಮಿ ಮಾಲಕಿ ಆಯಿ ಕಟ್ಟಿ ಮ್ಯಾಲ ಕುಂತು ನೋಡಿ, "ಯಪ್ಪಾ, ಆ ಚೀರೋ ಗಾಡಿ ಮಾರಿದೇನು? ನಮ್ಮ ಎಮ್ಮಿ ಅದಕ್ಕಷ್ಟೇ ಏಳ್ತಿತ್ತಲ್ಲೋ" ಅಂದ್ಳು.