ಹೊಸೂರಿನಲ್ಲಿ ಕೂತು ಡ್ರಾಗನ್ಸ್‌ಗೆ ಜೈ

“ಎಲ್ಲಾ ಸರಿ ಸಾರ್, ನಿಮ್ಮ ಕರ್ನಾಟಕಕ್ಕೆ ಟೀಮೇ ಇಲ್ವಲ್ಲ?”

ಕೇಳಿದವನು ಕೋವಿಲ್‌ಪಟ್ಟಿಯ ಹುಡುಗ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ನನ್ನ ಜೊತೆ ಒಂದೇ ಶಿಫ್ಟಿನಲ್ಲಿ ಕೆಲಸ ಮಾಡುತ್ತಾನೆ. ಅವನ ಕನ್ನಡ ಇಲ್ಲಿನ ಟೀ ಅಂಗಡಿಯಲ್ಲಿ ಕಲಿತದ್ದು, ನನ್ನ ತಮಿಳೂ ಅಲ್ಲಿಯದೇ. ಊರಿಗೆ ಹೋಗಿ ಬಂದಾಗಲೆಲ್ಲ ಕಡಲೆ ಮಿಠಾಯಿ ತರುತ್ತಾನೆ. ಅವತ್ತೂ ಪೊಟ್ಟಣ ಬಿಚ್ಚಿ ನನ್ನ ಕೈಗೆ ಕೊಡುತ್ತಾ ಕೇಳಿದ. ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಿರುಗಿ ಏನಾದರೂ ಅಂದುಬಿಡಬಹುದಿತ್ತು. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಸೋಮವಾರಪೇಟೆ ಕಡೆಯವನಾದ ನಾನು, ಬಾಯಿ ತೆರೆದರೆ ಹಾಕಿ ಮಾತಾಡುವವನು, ತಮಿಳುನಾಡು ಡ್ರಾಗನ್ಸ್ ಅನ್ನುವ ಹಾಕಿ ಟೀಮಿನ ಮ್ಯಾಚ್ ಅಂತ ಯಾಕೆ ಇಷ್ಟು ಒದ್ದಾಡುತ್ತೇನೆ ಅಂತ.

ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತೇ ಹೋಗಿತ್ತು. 2024ರ ಡಿಸೆಂಬರ್ 28ಕ್ಕೆ ರೂರ್ಕೆಲಾದಲ್ಲಿ ಮತ್ತೆ ಶುರುವಾಯಿತು. ಆ ಸೀಸನ್ನಿನ ಗಂಡಸರ ಲೀಗ್‌ನಲ್ಲಿ ಎಂಟು ತಂಡಗಳು. ದೆಹಲಿ ಇತ್ತು, ಹೈದರಾಬಾದ್ ಇತ್ತು, ಬಂಗಾಳ ಇತ್ತು, ಉತ್ತರ ಪ್ರದೇಶ ಇತ್ತು, ಕಳಿಂಗ ಇತ್ತು, ಗೋನಾಸಿಕ ಅಂತ ಒಂದಿತ್ತು, ಪಂಜಾಬ್-ಹರಿಯಾಣದ ಸೂರ್ಮಾ ಇತ್ತು, ತಮಿಳುನಾಡು ಇತ್ತು. ನಮ್ಮದಿರಲಿಲ್ಲ. ಅತ್ತಿಬೆಲೆ ದಾಟಿ ಈ ಕಡೆ ಬಂದು ಬಾಡಿಗೆ ಮನೆ ಹಿಡಿದ ನನ್ನಂಥವನಿಗೆ ಇನ್ನೇನು ದಾರಿ? ಯಾವ ರಾಜ್ಯದ ಕರೆಂಟ್ ಬಿಲ್ ಕಟ್ಟುತ್ತೇನೋ ಆ ರಾಜ್ಯದ ಟೀಮ್.

ಮನೆ ಓನರ್‌ಗೆ ಈ ತಲೆಬಿಸಿಯೇ ಇಲ್ಲ. ಅವರು ಡೆಂಕಣಿಕೋಟೆ ಕಡೆಯ ಕನ್ನಡದವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. “ಡ್ರಾಗನ್ಸ್ ನಮ್ಮ ಟೀಮ್ ಅಲ್ವಾ? ಅದರಲ್ಲಿ ಯೋಚನೆ ಮಾಡೋದೇನು ಬಂತು?” ಅಂದರು. ಅವರಿಗೆ ಹಾಕಿಯಲ್ಲಿ ಎಷ್ಟು ಜನ ಆಡುತ್ತಾರೆ ಅನ್ನುವುದೂ ಸರಿಯಾಗಿ ಗೊತ್ತಿಲ್ಲ. ಆದರೂ ಟೀಮ್ ತಮ್ಮದು. ಇದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಯಾಕೆಂದರೆ ಈ ‘ತಮ್ಮ’ ಟೀಮಿನಲ್ಲಿ ತಮಿಳುನಾಡಿನವರು ಎಷ್ಟು ಜನ ಇದ್ದರು ಅಂತ ನೋಡಿ. ಆ ಸೀಸನ್ನಿನ ಕ್ಯಾಪ್ಟನ್ ಅಮಿತ್ ರೋಹಿದಾಸ್ ಒಡಿಶಾದ ಸುಂದರಗಢದವರು. ಪೆನಾಲ್ಟಿ ಕಾರ್ನರ್ ಬಂದರೆ, ಅಂದರೆ ಎದುರಿನವರ ತಪ್ಪಿಗೆ ಗೋಲ್ ಹೊಡೆಯುವ ಅವಕಾಶ ಸಿಕ್ಕರೆ, ಎಲ್ಲರೂ ಮುಖ ತಿರುಗಿಸಿ ನೋಡುತ್ತಿದ್ದದ್ದು ನೆದರ್‌ಲೆಂಡ್ಸ್‌ನ ಯಿಪ್ ಯಾನ್ಸನ್ ಕಡೆ. ಗೋಲಿನಲ್ಲಿ ಐರ್ಲೆಂಡಿನ ಡೇವಿಡ್ ಹಾರ್ಟ್. ಮನೆಯ ಮಗ ಅಂದರೆ ಅರಿಯಲೂರಿನ ಕಾರ್ತಿ ಸೆಲ್ವಂ. ಕೋವಿಲ್‌ಪಟ್ಟಿಯ ಸರ್ಕಾರಿ ಹಾಕಿ ಹಾಸ್ಟೆಲಿನಲ್ಲಿ ಬೆಳೆದ ಹುಡುಗ ಅವನು. ನನ್ನ ಗೆಳೆಯ ಅವನ ಹೆಸರು ಹೇಳುವಾಗ ದನಿಯೇ ಬೇರೆಯಾಗುತ್ತದೆ. ಆದರೆ ಅವನಿಗೆ ರೋಹಿದಾಸ್ ಕೂಡ ‘ನಮ್ಮ ಕ್ಯಾಪ್ಟನ್’, ಯಾನ್ಸನ್ ಕೂಡ ‘ನಮ್ಮ ಯಾನ್ಸನ್’. ಬಂದವರನ್ನು ತಮ್ಮವರು ಅಂತ ಹೇಳಿಕೊಳ್ಳುವುದಕ್ಕೆ ಅವರಿಗೆ ಒಂದು ನಿಮಿಷ ಬೇಡ.

ನಾವು ಉಲ್ಟಾ. ನಮ್ಮಲ್ಲಿ ಹುಟ್ಟಿದವರನ್ನೇ ಬೇರೆಯವರಿಗೆ ಬಿಟ್ಟುಕೊಟ್ಟು ದೂರದಿಂದ ಚಪ್ಪಾಳೆ ತಟ್ಟುತ್ತೇವೆ. ಹಳೇ ಲೀಗ್ ಇದ್ದಾಗ, 2013ರಿಂದ 2017ರವರೆಗೆ, ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ಅಂಗಿ ಹಾಕಿಕೊಂಡು ಬಲಗಡೆಯಿಂದ ಗಾಳಿಯ ಹಾಗೆ ಓಡುತ್ತಿದ್ದರು. ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶಕ್ಕೆ ಕ್ಯಾಪ್ಟನ್. ಆಗ ನಾವೆಲ್ಲ ಟಿವಿ ಮುಂದೆ ಕೂತು ಒಂದು ದಿನ ಪಂಜಾಬ್, ಮಾರನೇ ದಿನ ಯು.ಪಿ. ಅಂತ ಕೂಗುತ್ತಿದ್ದೆವು. ಇಬ್ಬರೂ ಎದುರುಬದುರಾದ ದಿನ ಮನೆಯಲ್ಲಿ ಎರಡು ಪಾರ್ಟಿ. ಸುನಿಲ್ ಗೋಲ್ ಹೊಡೆದರೂ ಸಂತೋಷ, ಪೆನಾಲ್ಟಿ ಕಾರ್ನರ್‌ನಲ್ಲಿ ರಘುನಾಥ್ ಎಳೆದು ಹೊಡೆದ ಡ್ರ್ಯಾಗ್ ಫ್ಲಿಕ್ ಒಳಗೆ ಹೋದರೂ ಸಂತೋಷ. ಕೊನೆಗೆ ಯಾರು ಗೆದ್ದರು ಅನ್ನುವುದು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ. ಬೇರೆಯವರ ಮನೆ ಮದುವೆಯಲ್ಲಿ ಬಡಿಸಲು ನಿಂತ ಹಾಗಿತ್ತು ನಮ್ಮ ಸ್ಥಿತಿ.

ಹಾಗಂತ ನಮಗೆ ಟೀಮೇ ಇರಲಿಲ್ಲ ಅಂತಲ್ಲ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ಬೆಂಗಳೂರು ಲಯನ್ಸ್ ಇತ್ತು. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಕರ್ನಾಟಕ ಲಯನ್ಸ್ ಇತ್ತು, ಅದಕ್ಕೆ ಕ್ಯಾಪ್ಟನ್ ನಮ್ಮ ಅರ್ಜುನ್ ಹಾಲಪ್ಪ. ಆ ಲೀಗ್ ಒಂದೇ ಸೀಸನ್ನಿಗೆ ಮುಗಿದುಹೋಯಿತು. ಅದರ ಮೇಲೆ ಕರ್ನಾಟಕದ ಹೆಸರಿನ ಅಂಗಿ ಹಾಕಿಕೊಂಡು ಇಂಥ ಲೀಗ್‌ನಲ್ಲಿ ಆಡಿದವರನ್ನು ನಾನು ಕಂಡಿಲ್ಲ.

ಈಗ ಡ್ರಾಗನ್ಸ್ ಸೀಸನ್ನಿನ ಬಗ್ಗೆ ಹೇಳಬೇಕು, ಯಾಕೆಂದರೆ ಅಭಿಮಾನಿ ಅಂದಮೇಲೆ ಬೈಯುವ ಹಕ್ಕೂ ಇದೆ. ಪ್ರತಿ ತಂಡಕ್ಕೂ ಹರಾಜಿನಲ್ಲಿ ಖರ್ಚು ಮಾಡಲು ಇದ್ದದ್ದು 4 ಕೋಟಿ. ಡ್ರಾಗನ್ಸ್ ಯಾನ್ಸನ್‌ಗೆ 54 ಲಕ್ಷ ಕೊಟ್ಟಿತು, ರೋಹಿದಾಸ್‌ಗೆ 48 ಲಕ್ಷ. ಇಬ್ಬರೂ ಡಿಫೆಂಡರ್‌ಗಳು, ಇಬ್ಬರೂ ಪೆನಾಲ್ಟಿ ಕಾರ್ನರ್ ಹೊಡೆಯುವವರು. ಅಲ್ಲಿಗೆ ಕಾಲು ಭಾಗ ದುಡ್ಡು ಖಾಲಿ. ಮೇಲೆ ಹಾರ್ಟ್‌ಗೆ 32 ಲಕ್ಷ. ಗೋಲ್‌ಕೀಪರ್ ಮೇಲೆ ಹಾಕಿದ ದುಡ್ಡಿನ ಬಗ್ಗೆ ನನ್ನ ತಕರಾರಿಲ್ಲ, ಹಾರ್ಟ್ ಎರಡು ಸಲ ಜಗತ್ತಿನ ಅತ್ಯುತ್ತಮ ಗೋಲ್‌ಕೀಪರ್ ಅನಿಸಿಕೊಂಡವರು. ಆದರೆ ಒಂದೇ ಕೆಲಸಕ್ಕೆ ಇಬ್ಬರು ದೊಡ್ಡವರು ಯಾಕೆ? ಡಿಫೆನ್ಸ್‌ಗೆ ಬೀಗ ಹಾಕಿ, ಪೆನಾಲ್ಟಿ ಕಾರ್ನರ್ ಸಿಕ್ಕಾಗ ಹೊಡೆದು ಗೆಲ್ಲೋಣ ಅನ್ನುವ ಲೆಕ್ಕ ಅದು. ಲೀಗ್ ಹಂತದಲ್ಲಿ ನಡೆಯುತ್ತದೆ. ನಾಕೌಟ್‌ಗೆ ಬಂದಮೇಲೆ ಎದುರಿನವರೂ ಅದೇ ಬೀಗ ಹಾಕಿಕೊಂಡು ಬಂದಿರುತ್ತಾರೆ. ಗೋಲಿನ ಮುಂದಿನ ಸರ್ಕಲ್ ಒಳಗೆ ನುಗ್ಗಿ ಸುಮ್ನೆ ಒಂದು ಟಚ್‌ನಲ್ಲಿ ಚೆಂಡು ಒಳಗೆ ಹಾಕುವ ಫಾರ್ವರ್ಡ್ ಬೇಕಾಗುವುದು ಅಲ್ಲೇ.

ರೋಹಿದಾಸ್ ಬಗ್ಗೆ ಮಾತ್ರ ನನಗೆ ಬೇರೆಯೇ ಅಕ್ಕರೆ. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ ರೆಡ್ ಕಾರ್ಡ್ ಕೊಟ್ಟು ಹೊರಗೆ ಕಳಿಸಿದರಲ್ಲ, ಮುಂದೆ ಜರ್ಮನಿ ವಿರುದ್ಧದ ಸೆಮಿಫೈನಲ್ ಕೂಡ ತಪ್ಪಿತು. ಅದಾಗಿ ಕೆಲವೇ ತಿಂಗಳಿಗೆ ಡ್ರಾಗನ್ಸ್ ಕರೆದು ಕ್ಯಾಪ್ಟನ್ ಮಾಡಿತು. ನನಗೆ ಅದು ಇಷ್ಟವಾಯಿತು. ಲೆಕ್ಕಾಚಾರ ಬೇರೆ, ಅಕ್ಕರೆ ಬೇರೆ.

ಕೊನೆಗೆ ಆದದ್ದೇನು? ಸೆಮಿಫೈನಲ್‌ನಲ್ಲಿ ಬಂಗಾಳ ಟೈಗರ್ಸ್ ಎದುರು 2-2. ಶೂಟೌಟ್‌ನಲ್ಲಿ ಸೋಲು. ಆ ಬಂಗಾಳವೇ ಫೈನಲ್‌ನಲ್ಲಿ ಹೈದರಾಬಾದ್ ತೂಫಾನ್ಸ್ ತಂಡವನ್ನು 4-3ರಿಂದ ಸೋಲಿಸಿ ಕಪ್ ಎತ್ತಿತು, ಜುಗರಾಜ್ ಸಿಂಗ್ ಹ್ಯಾಟ್ರಿಕ್. ಡ್ರಾಗನ್ಸ್ ಮೂರನೇ ಸ್ಥಾನದ ಮ್ಯಾಚನ್ನೂ ಸೂರ್ಮಾಗೆ 2-1ರಿಂದ ಬಿಟ್ಟುಕೊಟ್ಟಿತು. ಕೋವಿಲ್‌ಪಟ್ಟಿ ಹುಡುಗ ಎರಡು ದಿನ ಮಾತಾಡಲಿಲ್ಲ. ಮಿಕ್ಕಂತೆ ಹೊಸೂರಿನಲ್ಲಿ ಯಾರಿಗೂ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ.

ಆ ಸೂರ್ಮಾ ವಿಷಯವೇ ನನಗೆ ಇನ್ನೂ ಕುಟುಕುವುದು. ಸೂರ್ಮಾ ಯಾರದ್ದು? ಜೆಎಸ್‌ಡಬ್ಲ್ಯು ಗುಂಪಿನದ್ದು. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಅವರದ್ದೇ. ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಕೂಡ ಅವರದ್ದೇ. ಹಾಕಿಗೆ ಮಾತ್ರ ಪಂಜಾಬ್-ಹರಿಯಾಣ. 78 ಲಕ್ಷ ಕೊಟ್ಟು ಹರ್ಮನ್‌ಪ್ರೀತ್ ಸಿಂಗ್‌ನನ್ನು ತಗೊಂಡರು, ಹರಾಜಿನಲ್ಲೇ ಅದು ಜಾಸ್ತಿ ಬೆಲೆ. ವ್ಯಾಪಾರಿಯನ್ನು ಬೈದು ಪ್ರಯೋಜನವಿಲ್ಲ, ಹಾಕಿಗೆ ಜನ ಎಲ್ಲಿದ್ದಾರೆ ಅಂತ ನೋಡಿ ಅಲ್ಲಿಗೆ ಹೋಗುತ್ತಾನೆ. ನನ್ನ ಸಿಟ್ಟು ನಮ್ಮವರ ಮೇಲೆ. ಬೆಂಗಳೂರಿನಲ್ಲಿ ಎಷ್ಟು ಕಂಪನಿ, ಎಷ್ಟು ದುಡ್ಡು! ಯಾರಿಗೂ ‘ನಮಗೂ ಒಂದಿರಲಿ’ ಅನ್ನಿಸಲಿಲ್ಲವೇ?

ತಮಾಷೆ ಕೇಳಿ. ಹರ್ಮನ್‌ಪ್ರೀತ್ ಆಗಲಿ ರೋಹಿದಾಸ್ ಆಗಲಿ, ಭಾರತ ತಂಡದ ಕ್ಯಾಂಪ್ ಅಂತ ವರ್ಷದಲ್ಲಿ ತಿಂಗಳುಗಟ್ಟಲೆ ಇರುವುದು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ನಮ್ಮ ನೀರು ಕುಡಿದು, ನಮ್ಮ ಮೋಡದ ಕೆಳಗೆ ಓಡಿ, ನಮ್ಮ ಟರ್ಫ್ ಮೇಲೆ ಬೆವರು ಸುರಿಸುತ್ತಾರೆ. ಲೀಗ್ ಬಂದಾಗ ಬ್ಯಾಗ್ ಹಿಡಿದು ಎಂಟು ದಿಕ್ಕಿಗೆ ಹೊರಡುತ್ತಾರೆ. ನಾವು ಅವರನ್ನು ಬೀಳ್ಕೊಡುವ ಊರು, ಅಷ್ಟೇ.

ಈ ಕಡೆ ನೋಡಿ. 2023ರ ಆಗಸ್ಟ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯನ್ನು ಚೆನ್ನೈಗೆ ತಂದರು. ಫೈನಲ್‌ನಲ್ಲಿ ಭಾರತ ಮಲೇಷ್ಯಾ ಎದುರು 1-3ರಿಂದ ಹಿಂದೆ ಬಿದ್ದು 4-3ಕ್ಕೆ ಗೆದ್ದಿತು. 2025ರ ಕೊನೆಗೆ ಜೂನಿಯರ್ ವಿಶ್ವಕಪ್ ಕೂಡ ಚೆನ್ನೈ, ಮದುರೈಗೆ ಬಂತು. ಕೋವಿಲ್‌ಪಟ್ಟಿ ಹುಡುಗ ರಜೆಗೆ ಮೊದಲೇ ಅರ್ಜಿ ಹಾಕುವ ಮಾತಾಡುತ್ತಿದ್ದ. ನಾನೂ ಬರುತ್ತೇನೆ ಅಂದೆ, ಇನ್ನೇನು ಮಾಡಲಿ. ಬೆಂಗಳೂರಿನ ಕಾರ್ಯಪ್ಪ ಸ್ಟೇಡಿಯಂ ಹೊಸೂರಿನಿಂದ ಒಂದು ಬಸ್ ದೂರ. ಅಲ್ಲಿ ನೋಡಬೇಕಾದ್ದನ್ನು ಮದುರೈಗೆ ಹೋಗಿ ನೋಡಬೇಕಿತ್ತು.

ಇದನ್ನೆಲ್ಲ ಫೋನಿನಲ್ಲಿ ನಮ್ಮ ಭಾವನಿಗೆ ಹೇಳಿದೆ. ಅವರು ಊರಲ್ಲೇ ಇರುವವರು, ಕಾಫಿ ತೋಟ, ನಿಧಾನದ ಮನುಷ್ಯ. ಎಲ್ಲಾ ಕೇಳಿಸಿಕೊಂಡು, “ನೀನು ಹೊಸೂರಿಗೆ ಹೋದಮೇಲೆ ಜಾಸ್ತಿ ಮಾತಾಡ್ತೀಯ ಕಣೋ” ಅಂದರು. ಆಮೇಲೆ ಕೇಳಿದರು: “ಏಪ್ರಿಲ್‌ನಲ್ಲಿ ಮಡಿಕೇರಿಗೆ ಯಾಕೆ ಬರಲಿಲ್ಲ?”

ಅಲ್ಲಿ ನನ್ನ ಮಾತು ನಿಂತಿತು. 2025ರ ಮುದ್ದಂಡ ಕಪ್, ಕೊಡವ ಕುಟುಂಬಗಳ ಹಾಕಿ ಹಬ್ಬ. 396 ಕುಟುಂಬಗಳ ತಂಡ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ತಂಡ ಸೇರಿಸಿ ಶುರು ಮಾಡಿದ್ದು ಇಲ್ಲಿಗೆ ಬಂದು ನಿಂತಿದೆ. ಹಿಂದಿನ ವರ್ಷ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯೇ ಆಯಿತು. ಅಲ್ಲಿ ಹರಾಜಿಲ್ಲ, 4 ಕೋಟಿ ಇಲ್ಲ, ನೆದರ್‌ಲೆಂಡ್ಸ್‌ನಿಂದ ಯಾರನ್ನೂ ಕರೆಸಬೇಕಾಗಿಲ್ಲ. ಮೊಮ್ಮಗನೂ ಆಡುತ್ತಾನೆ, ಮಾವನೂ ಆಡುತ್ತಾನೆ, ಒಲಿಂಪಿಕ್ಸ್ ಆಡಿ ಬಂದವನೂ ಅದೇ ತಂಡದಲ್ಲಿ ಪಾಸ್ ಕೊಡುತ್ತಾನೆ. ಇಂಥದ್ದು ಕೋವಿಲ್‌ಪಟ್ಟಿಯಲ್ಲಿ ಇಲ್ಲ, ಅದನ್ನು ಆ ಹುಡುಗನೇ ಒಪ್ಪುತ್ತಾನೆ. ವಿಡಿಯೋ ತೋರಿಸಿದಾಗ ಬಾಯಿ ಬಿಟ್ಟುಕೊಂಡು ನೋಡಿದ.

ಒಪ್ಪಬೇಕಾದ್ದು ಇನ್ನೂ ಇದೆ, ಮನಸ್ಸಿಲ್ಲದಿದ್ದರೂ ಹೇಳಿಬಿಡುತ್ತೇನೆ. ಹಳೇ ಲೀಗ್ ನಡೆದ ಐದೂ ವರ್ಷ ಚೆನ್ನೈಗೂ ತಂಡ ಇರಲಿಲ್ಲ. ನಮ್ಮ ಹಾಗೆ ಅವರೂ ಹೊರಗೇ ನಿಂತಿದ್ದರು. ಈ ಸಲ ಚಾರ್ಲ್ಸ್ ಗ್ರೂಪ್ ಅನ್ನುವ ಒಂದು ಕಂಪನಿ ದುಡ್ಡು ಹಾಕಿತು, ತಮಿಳುನಾಡಿಗೆ ಟೀಮ್ ಬಂತು. ನಾಳೆ ಬೆಂಗಳೂರಿನಲ್ಲಿ ಯಾರೋ ಒಬ್ಬರು ಮನಸ್ಸು ಮಾಡಿದರೆ ನಮಗೂ ಬರಬಹುದು. ಅಲ್ಲದೆ ಡ್ರಾಗನ್ಸ್ ಮೊದಲ ಸೀಸನ್ನಿನಲ್ಲಿ ಚೆನ್ನೈನಲ್ಲಿ ಒಂದು ಮ್ಯಾಚೂ ಆಡಲಿಲ್ಲ. ಆಡಿದ್ದೆಲ್ಲ ಒಡಿಶಾ, ಜಾರ್ಖಂಡ್ ಕಡೆ. ತಮ್ಮ ಟೀಮನ್ನು ತಮಿಳರೂ ನನ್ನ ಹಾಗೆ ಟಿವಿಯಲ್ಲೇ ನೋಡಿದ್ದು. ಕ್ರಿಕೆಟ್ ಇದ್ದ ದಿನ ನಮ್ಮ ಓನರ್ ಮನೆಯಲ್ಲಿ ಆ ಟಿವಿಯೂ ಸಿಗುತ್ತಿರಲಿಲ್ಲ.

ಆದರೂ ಕೊಡಗಿನ ಹಬ್ಬ ಬೇರೆ, ಲೀಗ್ ಬೇರೆ. ಹಬ್ಬದಲ್ಲಿ ಆಡಿದ ಹುಡುಗನಿಗೆ ಸಂಬಳ ಸಿಗುವುದಿಲ್ಲ. ಯಾನ್ಸನ್ ಪಕ್ಕದಲ್ಲಿ ನಿಂತು ಪೆನಾಲ್ಟಿ ಕಾರ್ನರ್ ಹೇಗೆ ಹೊಡೆಯುತ್ತಾನೆ ಅಂತ ಒಂದು ತಿಂಗಳು ನೋಡಿ ಕಲಿಯುವ ಅವಕಾಶ ಸಿಗುವುದಿಲ್ಲ. ಅದು ಸಿಕ್ಕಿದ್ದು ನಮ್ಮ ಕರ್ನಾಟಕದ ಆಭರಣ್ ಸುದೇವ್‌ಗೆ, ಅದೂ ಡ್ರಾಗನ್ಸ್ ಕರೆದದ್ದರಿಂದ. ನಾನು ಆ ಟೀಮನ್ನು ಹಿಡಿದುಕೊಂಡದ್ದಕ್ಕೆ ಕರೆಂಟ್ ಬಿಲ್ ಒಂದೇ ಕಾರಣ ಅಲ್ಲ. ಅವನು ಮೈದಾನಕ್ಕೆ ಇಳಿದಾಗ ನಾನು ಸ್ವಲ್ಪ ಮುಂದಕ್ಕೆ ಬಾಗಿ ಕೂರುತ್ತಿದ್ದೆ. ಕೋವಿಲ್‌ಪಟ್ಟಿ ಹುಡುಗ ಅದನ್ನು ಕಂಡುಹಿಡಿದು, “ಇಪ್ಪ ಪುರಿಯುದು ಸಾರ್” ಅಂದ, ಈಗ ಅರ್ಥವಾಯಿತು ಅಂತ.

ಡ್ರಾಗನ್ಸ್‌ನವರಿಗೆ ನನ್ನ ಬೇಡಿಕೆ ಎರಡೇ. ಮುಂದಿನ ಸಲ ಡಿಫೆನ್ಸ್‌ಗೆ ಸುರಿಯುವ ದುಡ್ಡಿನಲ್ಲಿ ಅರ್ಧ ಕಡಿಮೆ ಮಾಡಿ ಒಬ್ಬ ಒಳ್ಳೇ ಫಾರ್ವರ್ಡ್ ತನ್ನಿ. ಆಭರಣ್‌ನನ್ನು ಬಿಟ್ಟುಕೊಡಬೇಡಿ. ಬಿಟ್ಟರೆ ನಾನು ಸೂರ್ಮಾ ಕಡೆ ಹೋದರೂ ಹೋದೆ. ಅಲ್ಲಾದರೂ ತೋರಣಗಲ್ಲಿನ ದುಡ್ಡಿದೆ.